ಷರಾ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕೊನೆಯ ಕಾಲಂ ಒಂದಿರುತ್ತದೆ. ಅದರ ತಲೆಯ ಮೇಲೆ 'ಷರಾ' ಎಂದು ಬರೆದಿರುತ್ತದೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜಾತಿ, ಹುಟ್ಟಿದ ತಾರೀಖು, ಶಾಲೆ ಬಿಟ್ಟ ತಾರೀಖು ಎಲ್ಲ ಮುಗಿದ ಮೇಲೆ, ಇನ್ನೇನಾದರೂ ಹೇಳುವುದಿದ್ದರೆ ಹೇಳಿ ಎಂದು ಬಿಟ್ಟ ಎರಡು ಬೆರಳಗಲದ ಜಾಗ ಅದು. ಬಹಳ ಮಕ್ಕಳ ಮುಂದೆ ಖಾಲಿಯೇ ಇರುತ್ತದೆ. ಕೆಲವರ ಮುಂದೆ ಮಾತ್ರ ಯಾರೋ ಒಬ್ಬರು ಒಂದು ಮಾತು ಬರೆದಿರುತ್ತಾರೆ. ಆ ಮಾತು ಆ ಮಗುವಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ಉಳಿದುಬಿಡುತ್ತದೆ.

ಕಳೆದ ಜೂನಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಮಗಳನ್ನು ಎಂಟನೇ ತರಗತಿಗೆ ಸೇರಿಸಲು ನಮ್ಮ ಹೈಸ್ಕೂಲಿಗೆ ಬಂದಿದ್ದರು. ಜೊತೆಗೆ ಇನ್ನೊಂದು ಕೆಲಸ. ಅವರೂ ಇದೇ ಶಾಲೆಯಲ್ಲಿ ಓದಿದವರು, ಅವರ ಜನ್ಮದಿನಾಂಕದ ನಕಲು ಬೇಕಿತ್ತು. "ಅಂಗವಿಕಲರ ಕಾರ್ಡು ಮಾಡಿಸ್ಬೇಕು ಮೇಡಂ. ಕಿವಿಗೆ" ಎಂದರು. ಕಿವಿಯ ಹಿಂದೆ ಪುಟ್ಟ ಯಂತ್ರವಿತ್ತು. ಊರೂರು ಸುತ್ತಿ ಮತ್ತೆ ನನ್ನ ಮೊದಲ ಶಾಲೆಗೇ ವರ್ಗವಾಗಿ ಬಂದಿರುವ ನಾನು 1997ರ ಪುಸ್ತಕವನ್ನು ಧೂಳು ಕೊಡವಿ ತೆಗೆದೆ. ಹೆಸರು ಸಿಕ್ಕಿತು. ಒಂಬತ್ತನೇ ತರಗತಿಯಲ್ಲೇ ಬಿಟ್ಟಿದ್ದರು. ಷರಾ ಕಾಲಮ್ಮಿನಲ್ಲಿ ಹೀಗೆ ಬರೆದಿತ್ತು: 'ಮಂದಬುದ್ಧಿ. ಓದು ಮುಂದುವರಿಸಲು ಅಶಕ್ತೆ.'

ನಾನು ಕೈ ಅಡ್ಡ ಇಡುವಷ್ಟರಲ್ಲಿ ಅವರು ಓದಿಯಾಗಿತ್ತು. "ಇದು ನಿಮ್ಮ ಅಕ್ಷರ ಅಲ್ವಾ ಮೇಡಂ?" ಎಂದರು. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಅಕ್ಷರ ಇಪ್ಪತ್ತೇಳು ವರ್ಷದ ಮೇಲೂ ಅವರಿಗೆ ಹೇಗೆ ನೆನಪಿದೆ ಎಂದು ಆ ಕ್ಷಣ ನನಗೆ ಹೊಳೆಯಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು. ಕಿವಿ ಕೇಳದ ಆ ಹುಡುಗಿ ನನ್ನಿಂದ ಕಲಿತದ್ದೆಲ್ಲ ಕಪ್ಪುಹಲಗೆಯ ಮೇಲಿನ ಅಕ್ಷರದಿಂದ. ಮೂವತ್ತು ಮಕ್ಕಳಲ್ಲಿ ನನ್ನ ಅಕ್ಷರವನ್ನು ಅವಳಷ್ಟು ಚೆನ್ನಾಗಿ ನೋಡಿದವರು ಬೇರೆ ಯಾರೂ ಇರಲಿಲ್ಲ.

ಆ ಮಾತನ್ನು ನಾನು ಎಲ್ಲಿಂದ ತಂದೆ? ಆಗ ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷ. ಬಿ.ಎಡ್. ಮುಗಿಸಿದ ಹುರುಪು. ದ್ವೇಷವಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಸರಕಾರಿ ಪುಸ್ತಕದಲ್ಲಿ ಬರೆಯುವಾಗ ಸರಕಾರಿ ಮಾತು ಕೈಗೆ ಬಂತು, ಅಷ್ಟೇ. ಹಾಗಾದರೆ ಸರಕಾರಕ್ಕೆ ಆ ಮಾತು ಎಲ್ಲಿಂದ ಬಂತು? ಇದೊಂದು ಪ್ರಶ್ನೆ ಹಿಡಿದುಕೊಂಡು, ವಕೀಲರಾಗಿರುವ ನಮ್ಮ ಭಾವನವರ ಕಪಾಟಿನ ಮುಂದೆ ನಾನು ಈ ವರ್ಷದ ದಸರಾ ರಜೆಯನ್ನೆಲ್ಲ ಕಳೆದೆ.

ಹುಡುಕುತ್ತಾ ಹೋದರೆ ದಾರಿ ನಮ್ಮ ನಾಡಿಗೇ ಬಂದು ನಿಂತಿತು. ಹಿಂದೂ ಕುಟುಂಬಗಳ ಆಸ್ತಿಪಾಲಿಗೆ ದೇಶದ ಬಹುಭಾಗದಲ್ಲಿ ಆಧಾರವಾದ 'ಮಿತಾಕ್ಷರ'ವನ್ನು ಬರೆದವನು ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತು, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಪಾಲು ಯಾರಿಗಿಲ್ಲ ಎಂಬ ಪಟ್ಟಿ ಅಲ್ಲಿದೆ. ಕ್ಲೀಬ, ಪತಿತ, ಪಂಗು, ಉನ್ಮತ್ತ, ಜಡ, ಅಂಧ, ವಾಸಿಯಾಗದ ರೋಗವುಳ್ಳವನು. ಇವರಿಗೆ ಅನ್ನಬಟ್ಟೆ ಕೊಟ್ಟು ಸಾಕಬೇಕು, ಪಾಲು ಮಾತ್ರ ಕೊಡಬೇಕಾಗಿಲ್ಲ. ಇವರ ಗಂಡುಮಕ್ಕಳು ನೆಟ್ಟಗಿದ್ದರೆ ಅವರಿಗೆ ಪಾಲುಂಟು. ಹೆಣ್ಣುಮಕ್ಕಳನ್ನು ಮದುವೆಯಾಗುವ ತನಕ ಸಾಕಿದರೆ ಸಾಕು.

ಇದನ್ನು ಓದುವಾಗ ನನಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳಿಗೆ ವಿದ್ಯೆ ಕೊಟ್ಟರು. ಅವರಿಬ್ಬರೂ ಸೇರಿ ಎಷ್ಟು ಅನಾಥ ಮಕ್ಕಳಿಗೆ ಸಂಗೀತವನ್ನೂ ಊಟವನ್ನೂ ಹಂಚಿದರೆಂಬುದು ನಾಡಿಗೆ ಗೊತ್ತು. ಹಳೆಯ ಶಾಸ್ತ್ರ ಯಾರಿಗೆ ಪಾಲು ಬೇಡವೆಂದಿತೋ ಅವರೇ ಊರಿಗೆಲ್ಲ ಪಾಲು ಕೊಟ್ಟರು. ಆ ಸೀಮೆಯ ಜನ ಅವರನ್ನು 'ಅಂಧರು' ಎನ್ನಲಿಲ್ಲ, 'ಅಜ್ಜಾರು' ಎಂದರು. ಜನರ ಬಾಯಿ ಕಾನೂನಿಗಿಂತ ಯಾವಾಗಲೂ ಕೆಟ್ಟದೇ ಎಂದು ತಿಳಿಯಬಾರದು.

ಬ್ರಿಟಿಷ್ ಇಂಡಿಯಾದಲ್ಲಿ ಈ ಪಟ್ಟಿಯನ್ನು ಅಳಿಸಲು 1928ರಲ್ಲಿ ಒಂದು ಕಾಯಿದೆ ಬಂತು. ರೋಗ, ಅಂಗದ ಊನ, ಬುದ್ಧಿಯ ಊನ, ಇವುಗಳ ಕಾರಣಕ್ಕೆ ಯಾರ ಪಾಲನ್ನೂ ತಪ್ಪಿಸಬಾರದು ಎಂದಿತು. ಆದರೂ ಹುಟ್ಟಿನಿಂದಲೇ ಹುಚ್ಚರು, ಹುಟ್ಟಿನಿಂದಲೇ ಬುದ್ಧಿಯಿಲ್ಲದವರು ಎನಿಸಿಕೊಂಡವರನ್ನು ಹೊರಗೇ ಇಟ್ಟಿತು. ಆ ಕೊನೆಯ ಅಗಳಿ ತೆಗೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದರ 28ನೆಯ ಕಲಮು ಬಹಳ ಚಿಕ್ಕದು. ಯಾವ ರೋಗದಿಂದಲೂ ಯಾವ ಊನದಿಂದಲೂ ಯಾರೂ ಪಾಲಿಗೆ ಹೊರತಲ್ಲ ಎನ್ನುತ್ತದೆ. ಕಲ್ಯಾಣದಿಂದ ಇಲ್ಲಿಗೆ ಬರಲು ಎಂಟುನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಇನ್ನೊಂದು ಮಾತು ಇಂಗ್ಲಿಷಿನಿಂದ ಬಂದದ್ದು, 'ಲೂನಟಿಕ್'. ಲೂನಾ ಎಂದರೆ ಲ್ಯಾಟಿನ್ನಿನಲ್ಲಿ ಚಂದ್ರ. ಅಮಾವಾಸ್ಯೆ ಹುಣ್ಣಿಮೆಗೆ ಹುಚ್ಚು ಹೆಚ್ಚುತ್ತದೆಂಬ ನಂಬಿಕೆ ನಮ್ಮ ಅಜ್ಜಿಯರದ್ದು ಮಾತ್ರವಲ್ಲ, ಅವರ ಅಜ್ಜಿಯರದ್ದೂ ಆಗಿತ್ತು. 1912ರ ಭಾರತೀಯ ಲೂನಸಿ ಕಾಯಿದೆ ಲೂನಟಿಕ್ ಎಂದರೆ ಯಾರು ಎಂದು ವಿವರಿಸುವಾಗ 'ಈಡಿಯಟ್' ಎಂಬ ಶಬ್ದವನ್ನೇ ಬಳಸಿತು. ನಾವು ಮಕ್ಕಳಿಗೆ ಬೈಯಬಾರದೆಂದು ಹೇಳಿಕೊಡುವ ಶಬ್ದ ಕಾಯಿದೆಯ ಮೊದಲ ಪುಟಗಳಲ್ಲೇ ಕುಳಿತಿತ್ತು. ಬೆಂಗಳೂರಿನ ಆಸ್ಪತ್ರೆಗೂ 'ಲೂನಟಿಕ್ ಅಸೈಲಂ' ಎಂದೇ ಹೆಸರು. ಮೈಸೂರು ಸಂಸ್ಥಾನ 1925ರಲ್ಲಿ ಆ ಫಲಕವನ್ನು ಇಳಿಸಿ 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ 1912ರ ಕಾಯಿದೆ ಹಾಗೆಯೇ ಮುಂದುವರಿಯಿತು. ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಬೆಂಗಳೂರಿನಲ್ಲಿ ಫಲಕ ಬದಲಾಗಿ ಅರವತ್ತೆಂಟು ವರ್ಷ ಕಳೆದ ಮೇಲೆ ದೇಶದ ಕಾನೂನಿನ ಮಾತು ಬದಲಾಯಿತು. 2017ರಲ್ಲಿ ಅದೂ ಹೋಗಿ, ಕಾಯಿಲೆಯವರ ಹಕ್ಕುಗಳನ್ನು ಹೇಳುವ ಹೊಸ ಕಾಯಿದೆ ಬಂದಿದೆ.

ನಮ್ಮ ಸಂವಿಧಾನವನ್ನೂ ತೆರೆದು ನೋಡಿದೆ. ಏಳನೆಯ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂಬ ಪಟ್ಟಿಗಳಿವೆ. ರಾಜ್ಯಪಟ್ಟಿಯ 9ನೆಯ ಬಾಬು ಅಂಗವಿಕಲರಿಗೂ 'ಕೆಲಸಕ್ಕೆ ಒದಗದವರಿಗೂ' ಕೊಡಬೇಕಾದ ಪರಿಹಾರ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾರೆ. 10ನೆಯದು ಸ್ಮಶಾನ. 11ನೆಯದು ಶಿಕ್ಷಣವಾಗಿತ್ತು, 1976ರ ತಿದ್ದುಪಡಿಯಲ್ಲಿ ಅದನ್ನು ಸಮವರ್ತಿ ಪಟ್ಟಿಗೆ ಸಾಗಿಸಿದರು. ಯಾರೂ ಬೇಕೆಂದು ಈ ಸಾಲು ಜೋಡಿಸಲಿಲ್ಲ, ನನಗೆ ಗೊತ್ತು. ಆದರೂ ಮೇಷ್ಟ್ರ ಕಣ್ಣಿಗೆ ಇದು ಚುಚ್ಚುತ್ತದೆ. ಮೊದಲು ಪರಿಹಾರ, ಆಮೇಲೆ ಮಸಣ, ಶಾಲೆ ಅದಾದ ಮೇಲೆ. ಸಮವರ್ತಿ ಪಟ್ಟಿಯ 16ನೆಯ ಬಾಬಿನಲ್ಲಿ ಲೂನಸಿ ಎಂಬ ಮಾತು ಇವತ್ತಿಗೂ ಇದೆ.

ಈಗ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನನಗೆ ಒಬ್ಬ ಸೋದರತ್ತೆ ಇದ್ದರು. ಹತ್ತನೇ ತರಗತಿ ಪಾಸಾಗಿದ್ದರು, ಮಗ್ಗಿ ಹೇಳುವುದರಲ್ಲಿ ಅಪ್ಪನನ್ನೂ ಸೋಲಿಸುತ್ತಿದ್ದರು. ಅವರಿಗೆ ಮೂರ್ಛೆ ಬರುತ್ತಿತ್ತು. ಬಂದಾಗ ಅಜ್ಜಿ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸುತ್ತಿದ್ದರು. 1982ರಲ್ಲಿ ಮದುವೆಯಾಯಿತು. ನಾಲ್ಕನೇ ತಿಂಗಳಿಗೆ ಟ್ರಂಕಿನ ಸಮೇತ ಬಂದು ಇಳಿದರು. ಹಿಂದೆಯೇ ಕೋರ್ಟಿನ ಕಾಗದ ಬಂತು. ಅದು ವಿಚ್ಛೇದನ ಕೂಡ ಅಲ್ಲ, ಮದುವೆಯನ್ನೇ ರದ್ದು ಮಾಡಿಸಿದ್ದು. ಅತ್ತೆ ನಮ್ಮ ಮನೆಯಲ್ಲಿಯೇ ಉಳಿದರು. ಡಾಕ್ಟರು ಬರೆದುಕೊಟ್ಟ ಮಾತ್ರೆ ತಪ್ಪದೆ ನುಂಗಿದ ಮೇಲೆ ವರ್ಷಗಟ್ಟಲೆ ಮೂರ್ಛೆ ಬರಲಿಲ್ಲ. ಆದರೆ ಅರಿಸಿನ ಕುಂಕುಮಕ್ಕೆ ಕರೆಯುವವರಿಗೆ ಅವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ಕೊನೆಯವರೆಗೂ ತಿಳಿಯಲಿಲ್ಲ.

ಇದು ಆ ಮನೆಯವರ ಕ್ರೌರ್ಯ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಭಾವನವರ ಪುಸ್ತಕದಲ್ಲಿ ನೋಡಿದರೆ ಕಾನೂನೇ ಅವರ ಕೈಗೆ ಕತ್ತರಿ ಕೊಟ್ಟಿತ್ತು. 1955ರ ಹಿಂದೂ ವಿವಾಹ ಕಾಯಿದೆ ಮೊದಲಿಗೆ ವಧೂವರರಲ್ಲಿ ಯಾರೂ ಈಡಿಯಟ್ ಅಥವಾ ಲೂನಟಿಕ್ ಆಗಿರಬಾರದು ಎಂದಷ್ಟೇ ಹೇಳಿತ್ತು. 1976ರಲ್ಲಿ ಅದನ್ನು ತಿದ್ದಿ ಆ ಎರಡು ಒರಟು ಶಬ್ದಗಳನ್ನು ತೆಗೆದರು. ನಯವಾದ ವೈದ್ಯಕೀಯ ಶಬ್ದಗಳನ್ನು ಹಾಕಿದರು. ಹಾಕುವಾಗ ಪದೇ ಪದೇ ಬರುವ ಹುಚ್ಚಿನ ಜೊತೆಗೆ ಅಪಸ್ಮಾರವನ್ನೂ ಸೇರಿಸಿದರು. ಹಳೆಯ ಒರಟು ಕಾಯಿದೆ ಅತ್ತೆಯನ್ನು ಮುಟ್ಟುತ್ತಿರಲಿಲ್ಲ, ತಿದ್ದಿದ ನಯದ ಕಾಯಿದೆ ಮುಟ್ಟಿತು. ಮತ್ತೆ 1999ರಲ್ಲಿ ಇನ್ನೊಂದು ತಿದ್ದುಪಡಿ ತಂದು ಅಪಸ್ಮಾರ ಎಂಬ ಒಂದು ಶಬ್ದವನ್ನು ತೆಗೆದುಹಾಕಿದರು. ಒಂದು ಶಬ್ದ ಇಪ್ಪತ್ತಮೂರು ವರ್ಷ ಇದ್ದು ಹೋಯಿತು. ಅತ್ತೆಯ ಮದುವೆ ಆ ಇಪ್ಪತ್ತಮೂರು ವರ್ಷದ ಮಧ್ಯೆ ಬಿದ್ದಿತ್ತು. ಅದನ್ನು ತೆಗೆದದ್ದೂ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿದೆ.

ಅಂದಿನಿಂದ ನಾನು 'ಶಬ್ದದಲ್ಲೇನಿದೆ' ಎನ್ನುವವರ ಮಾತನ್ನು ಒಪ್ಪುವುದಿಲ್ಲ. ಶಬ್ದ ಬದಲಾದರೆ ಎಲ್ಲ ಬದಲಾಯಿತು ಎನ್ನುವವರ ಮಾತನ್ನೂ ಒಪ್ಪುವುದಿಲ್ಲ.

ಕುಷ್ಠರೋಗದ ಕಥೆಯೂ ಇದನ್ನೇ ಹೇಳುತ್ತದೆ. ರೋಗಿಗಳನ್ನು ಹಿಡಿದು ಬೇರೆ ಇಡಲು 1898ರಲ್ಲಿ ಮಾಡಿದ 'ಲೆಪರ್ಸ್ ಆಕ್ಟ್' ದೇಶದ ಕಾನೂನು ಪುಸ್ತಕದಿಂದ ಹೋದದ್ದು 2016ರಲ್ಲಿ. 1980ರ ದಶಕದಿಂದಲೇ ಈ ರೋಗಕ್ಕೆ ಪೂರ್ತಿ ಗುಣಪಡಿಸುವ ಔಷಧ ನಮ್ಮ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತಿದೆ. ಆದರೂ ಗಂಡನಿಗೋ ಹೆಂಡತಿಗೋ 'ವಾಸಿಯಾಗದ' ಕುಷ್ಠವಿದೆ ಎಂದು ವಿಚ್ಛೇದನ ಕೇಳುವ ಅವಕಾಶ ಹಾಗೆಯೇ ಇತ್ತು. ಮಾತ್ರೆಗೆ ವಾಸಿಯಾದ ರೋಗ ಕಾಯಿದೆಯಲ್ಲಿ ಮಾತ್ರ ವಾಸಿಯಾಗಿರಲಿಲ್ಲ. 2019ರಲ್ಲಿ ಸಂಸತ್ತು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹಗಳಿಗೂ ವಿಶೇಷ ವಿವಾಹಕ್ಕೂ ಸಂಬಂಧಿಸಿದ ಐದು ಕಾಯಿದೆಗಳಿಂದ ಒಟ್ಟಿಗೆ ಆ ಕಾರಣವನ್ನು ಕಿತ್ತುಹಾಕಿತು.

ರಾಜ್ಯಗಳ ಕಾನೂನುಗಳು ಇನ್ನೂ ನಿಧಾನ. ಒಡಿಶಾದ 1950ರ ಪುರಸಭಾ ಕಾಯಿದೆಯ ಪ್ರಕಾರ ಕುಷ್ಠ ಅಥವಾ ಕ್ಷಯವಿದ್ದವರು ಸದಸ್ಯರಾಗುವಂತಿರಲಿಲ್ಲ. ಜನರ ಓಟಿನಿಂದ ಗೆದ್ದುಬಂದವರೊಬ್ಬರು ಈ ಒಂದು ಸಾಲಿನಿಂದ ಸ್ಥಾನ ಕಳೆದುಕೊಂಡು ಸುಪ್ರೀಂ ಕೋರ್ಟಿನವರೆಗೂ ಹೋದರು. 2008ರಲ್ಲಿ ಕೋರ್ಟು ಆ ಸಾಲನ್ನು ರದ್ದು ಮಾಡಲಿಲ್ಲ. ಕಾಲ ಬದಲಾಗಿದೆ, ಶಾಸಕರು ಯೋಚಿಸಲಿ ಎಂದು ಹೇಳಿತು. ಶಾಸಕರು ಯೋಚಿಸಿ ಆ ಸಾಲನ್ನು ತೆಗೆಯಲು ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂಥ ಸಾಲುಗಳನ್ನು ಹುಡುಕಿ ತೆಗೆಯಲು ಸಮಿತಿ ಮಾಡಿ ಎಂದು 2025ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿದೆ. ಹಳೆಯ ಅಕ್ಕಿಯಲ್ಲಿ ಹುಳ ಆರಿಸಿದ ಹಾಗೆ ಒಂದೊಂದೇ ಕಾಯಿದೆಯನ್ನು ಮೊರಕ್ಕೆ ಹಾಕಿ ಆರಿಸಬೇಕು, ಬೇರೆ ದಾರಿಯಿಲ್ಲ.

ಹಾಗಾದರೆ ಏನೂ ನೆಟ್ಟಗಾಗಿಲ್ಲವೇ? ಆಗಿದೆ. ಅಂಗವಿಕಲರಿಗೆಂದೇ ಒಂದು ದೊಡ್ಡ ಕಾಯಿದೆ ಮೊದಲು ಬಂದದ್ದು 1995ರಲ್ಲಿ. ನಾನು ಆ ಷರಾ ಬರೆಯುವ ಹೊತ್ತಿಗೆ ಅದು ಜಾರಿಯಲ್ಲಿತ್ತು, ನಮ್ಮ ಶಾಲೆಗೆ ಅದರ ಗಾಳಿಯೂ ಬೀಸಿರಲಿಲ್ಲ. ಅದರಲ್ಲಿ ಏಳು ಬಗೆಯ ಊನಗಳ ಪಟ್ಟಿಯಿತ್ತು. ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದ ಊನದಿಂದ 'ನರಳುವವರು' ಅಂಗವಿಕಲರು ಎಂದು ಅದು ಹೇಳಿತು. ಮುಂದೆ 2006ರಲ್ಲಿ ವಿಶ್ವಸಂಸ್ಥೆ ಒಂದು ಒಡಂಬಡಿಕೆ ಮಾಡಿತು, 2007ರಲ್ಲಿ ಭಾರತ ಅದನ್ನು ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ 2016ರ ಕಾಯಿದೆ ಬಂತು. ಏಳು ಇದ್ದದ್ದು ಇಪ್ಪತ್ತೊಂದಾಯಿತು. ಕಲಿಕೆಯ ತೊಡಕು ಸೇರಿತು. ಆಸಿಡ್ ದಾಳಿಗೆ ಸಿಕ್ಕಿದ ಹೆಣ್ಣುಮಕ್ಕಳ ನೋವೂ ಲೆಕ್ಕಕ್ಕೆ ಬಂತು. ಸರಕಾರಿ ಕೆಲಸದಲ್ಲಿ ಮೀಸಲು ನೂರಕ್ಕೆ ಮೂರು ಇದ್ದದ್ದು ನಾಲ್ಕಾಯಿತು.

ಇವೆಲ್ಲಕ್ಕಿಂತ ದೊಡ್ಡದು ಅದರ ವಿವರಣೆಯ ಸಾಲು. ದೇಹದ, ಮನಸ್ಸಿನ, ಬುದ್ಧಿಯ ಅಥವಾ ಇಂದ್ರಿಯಗಳ ಕೊರತೆಯೊಂದೇ ಒಬ್ಬರನ್ನು ಹಿಂದೆ ಹಾಕುವುದಿಲ್ಲ ಎನ್ನುತ್ತದೆ ಅದು. ಆ ಕೊರತೆಗೆ ಹೊರಗಿನ ಅಡೆತಡೆಗಳು ಜೊತೆಯಾದಾಗ ಎಲ್ಲರ ಸಮಕ್ಕೆ ಬಾಳಲು ಆಗದೆ ಹೋಗುತ್ತದೆ ಎನ್ನುತ್ತದೆ. ಈ ಸಾಲನ್ನು ನಾನು ನಾಲ್ಕು ಸಲ ಓದಿದೆ. ಕಾಯಿದೆ ಇಷ್ಟು ಕಾಲ ಆ ಹುಡುಗಿಯ ಕಿವಿಯ ಕಡೆ ಬೆರಳು ತೋರಿಸುತ್ತಿತ್ತು. ಈಗ ಬೆರಳು ತಿರುಗಿ ನನ್ನ ಬೆನ್ನಿನ ಕಡೆ ಬಂತು. ಬೋರ್ಡಿನ ಮೇಲೆ ಬರೆಯುತ್ತ, ತರಗತಿಗೆ ಬೆನ್ನು ಹಾಕಿಕೊಂಡೇ ಪಾಠ ಹೇಳುವುದು ನನ್ನ ಅಭ್ಯಾಸ. ತುಟಿ ನೋಡಿ ಮಾತು ತಿಳಿಯಬೇಕಾದ ಮಗುವಿಗೆ ನನ್ನ ಬೆನ್ನು ಏನು ಹೇಳೀತು? ಒಂದು ವರ್ಷ ಪೂರ್ತಿ ಬೆನ್ನು ತೋರಿಸಿ, ಕೊನೆಗೆ ಅವಳ ಬುದ್ಧಿ ಮಂದ ಎಂದು ಬರೆದೆ. ಆ ಒಂದು ಶಬ್ದ ಬರೆದ ಮೇಲೆ ಅವಳ ಕಿವಿ ನೋಡಿಸಬೇಕೆಂದು ಯಾರಿಗೂ ತೋಚಲಿಲ್ಲ. ಷರಾ ಇದ್ದ ಮೇಲೆ ವಿಚಾರಿಸುವುದೇನಿದೆ?

ಈಗ ಹೆಸರಿನ ವಿಷಯ. ನಮ್ಮ ರಾಜ್ಯದಲ್ಲಿ ಇಲಾಖೆಯ ಹೆಸರಿನಲ್ಲಿದ್ದ 'ಅಂಗವಿಕಲ' ಹೋಗಿ 'ವಿಕಲಚೇತನ' ಬಂದಿದೆ. 'ಕಲ್ಯಾಣ' ಹೋಗಿ 'ಸಬಲೀಕರಣ' ಬಂದಿದೆ. ಕನ್ನಡ ಮೇಷ್ಟ್ರಾದ ನನಗೆ ಸಮಾಸ ಬಿಡಿಸುವ ಚಟ. ಅಂಗದಿಂದ ವಿಕಲ, ತತ್ಪುರುಷ. ವಿಕಲವಾದ ಚೇತನ ಯಾರದೋ ಅವರು, ಬಹುವ್ರೀಹಿ. ಹಳೆಯ ಶಬ್ದದಲ್ಲಿ ಊನ ಅಂಗಕ್ಕಷ್ಟೇ ಇತ್ತು, ಹೊಸ ಶಬ್ದದಲ್ಲಿ ಅದು ಚೇತನಕ್ಕೇ ಬಂತಲ್ಲ! ಗೌರವ ಕೊಡಬೇಕೆಂದೇ ಕಟ್ಟಿದ ಶಬ್ದ, ವ್ಯಾಕರಣ ಅದಕ್ಕೆ ಕೈಕೊಟ್ಟಿತು. 2015ರ ಕೊನೆಯಲ್ಲಿ ಪ್ರಧಾನಿಯವರು 'ದಿವ್ಯಾಂಗ' ಎಂದು ಕರೆಯೋಣ ಎಂದರು. ಹಲವು ಅಂಗವಿಕಲರ ಸಂಘಟನೆಗಳು, ನಮಗೆ ದಿವ್ಯತ್ವ ಬೇಡ, ಬಸ್ಸು ಹತ್ತುವ ಹಾಗೆ ಮೆಟ್ಟಿಲು ಮಾಡಿಕೊಡಿ ಎಂಬ ಧಾಟಿಯಲ್ಲಿ ಉತ್ತರಿಸಿದವು. ಸುಪ್ರೀಂ ಕೋರ್ಟು 2024ರಲ್ಲಿ ಸಿನಿಮಾ ಒಂದರ ಮೊಕದ್ದಮೆಯಲ್ಲಿ, ಹೀಯಾಳಿಸುವ ಶಬ್ದಗಳು ಸಮಾಜದ ಕಣ್ಣನ್ನೇ ಕೆಡಿಸುತ್ತವೆಂದು ಎಚ್ಚರಿಸಿತು. ಅದೇ ವರ್ಷ ನ್ಯಾಯಾಲಯಗಳಿಗೆಂದು ಒಂದು ಕೈಪಿಡಿಯನ್ನೂ ಹೊರತಂದಿತು.

ಇಂಗ್ಲಿಷಿನಲ್ಲಿ ಈಗ ವ್ಯಕ್ತಿಯನ್ನು ಮೊದಲು ಹೇಳಿ ಊನವನ್ನು ಆಮೇಲೆ ಹೇಳುವ ಪದ್ಧತಿ ಬಂದಿದೆ. ಕನ್ನಡದಲ್ಲಿ ಅದು ಸುಲಭವಲ್ಲ. ನಮ್ಮಲ್ಲಿ ವಿಶೇಷಣ ಮುಂದೆ, ವಿಶೇಷ್ಯ ಹಿಂದೆ. 'ವೈಕಲ್ಯವುಳ್ಳ ವ್ಯಕ್ತಿ' ಎಂದರೂ ವೈಕಲ್ಯವೇ ಮೊದಲು ಬಾಗಿಲಿಗೆ ಬರುತ್ತದೆ. ಕನ್ನಡದಲ್ಲಿ ಮನುಷ್ಯ ಮೊದಲು ಬರಬೇಕೆಂದರೆ ಒಂದೇ ಉಪಾಯ, ಅವರ ಹೆಸರು ಹಿಡಿದು ಕರೆಯುವುದು. ಕಾಯಿದೆಗೆ ಅದು ಸಾಧ್ಯವಿಲ್ಲ, ಅದಕ್ಕೊಂದು ಗುಂಪಿನ ಶಬ್ದ ಬೇಕೇ ಬೇಕು. ನನಗೆ, ನಿಮಗೆ ಸಾಧ್ಯ.

ನಕಲು ಒಯ್ಯಲು ಅವರು ಎರಡನೆಯ ಸಲ ಬಂದರು. ಹಳೆಯ ಷರಾವನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಬೇಕೆಂದು ನಾನು ಹೊರಟಿದ್ದೆ. ದಾಖಲಾತಿ ಪುಸ್ತಕವನ್ನು ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ ಎಂದು ಹೆಡ್‌ಮಾಸ್ತರರು ತಡೆದರು. ಅವರ ಮಾತೂ ಸರಿಯೇ. ತಿದ್ದಲು ಅನುಮತಿ ಕೇಳಿ ಮೇಲಕ್ಕೆ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ.

ನಕಲನ್ನು ಮಡಿಸಿ ಕೊಡುತ್ತ, ತಲೆ ತಗ್ಗಿಸಿಕೊಂಡು, "ನನ್ನದು ತಪ್ಪಾಯ್ತಮ್ಮ. ಆಗ ನನಗೆ ತಿಳೀಲಿಲ್ಲ" ಎಂದೆ.

"ಮೇಡಂ, ಮುಖ ಎತ್ತಿ ಹೇಳಿ. ನಂಗೆ ಗೊತ್ತಾಗ್ಲಿಲ್ಲ" ಎಂದರು.

ಮುಖ ಎತ್ತಿ ಇನ್ನೊಂದು ಸಲ ಹೇಳಿದೆ. ಮೊದಲನೆಯ ಸಲಕ್ಕಿಂತ ಅದು ಬಹಳ ಕಷ್ಟವಾಯಿತು. ಅವರು ನನ್ನ ತುಟಿಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಗ್ಲೂ ಹಿಂಗೇ ಮೇಡಂ. ನೀವು ಬೋರ್ಡಿನ ಕಡೆ ತಿರುಗಿದ್ರೆ ನಂಗೆ ಪಾಠ ನಿಂತುಹೋಗೋದು" ಎಂದು ನಕ್ಕರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಹೇಳಬೇಕೆಂದು ನಾನೂ ಕಾಯಲಿಲ್ಲ.

ಮಗಳ ಹೆಸರನ್ನು ಹೊಸ ಪುಸ್ತಕದಲ್ಲಿ ನಾನೇ ಬರೆದೆ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಖು ಎಲ್ಲ ತುಂಬಿಸಿ ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿದೆ.